ಗಿಟಾರಿನ ಸೊಂಟ, ನಮ್ಮ ಮನೆಯ ಕ್ಲಿಪ್ಪು

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಗರಗಸ ಎಳೆದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆಂದು ನನ್ನ ಅಕ್ಕನ ಮಗ ತನ್ನ ಗಿಟಾರ್ ಕಾರ್ಖಾನೆಯನ್ನು ಮೈಸೂರಿನ ನಮ್ಮ ಹಿತ್ತಿಲ ಕೋಣೆಗೆ ಸಾಗಿಸಿದ. ಬಂದವನೇ ಅಜ್ಜಿಯ ಕಾಲದ ಬೀಟೆ ಮಂಚವನ್ನು ಬೆರಳ ಗಿಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಎಂಥ ನಾದ ಮಾವ!" ಎಂದ. ಅಂದು ಸಂಜೆಯೆಲ್ಲ ನಾನು ಮಂಚ ಬಿಟ್ಟು ಏಳಲಿಲ್ಲ.

ಅವನ ಆಸೆ ಸುಳ್ಳಲ್ಲ. ಬೀಟೆಯದೇ ಬಳಗದ ಬ್ರೆಜಿಲ್ಲಿನ ರೋಸ್‌ವುಡ್ ದುರ್ಲಭವಾಗುತ್ತ ಬಂದು, 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ತಡೆ ಬಿತ್ತು. ಗಿಟಾರಿನ ಬೆನ್ನಿಗೂ ಪಕ್ಕೆಗೂ ನಮ್ಮ ಬೀಟೆಯೇ ಆಗಲಿ ಎಂದು ಜಗತ್ತು ಇತ್ತ ತಿರುಗಿ ದಶಕಗಳಾದವು. ಹಾಗೆಂದು ಅಜ್ಜಿಯ ಮಂಚಕ್ಕೆ ಗರಗಸ ಹಾಕಲಾದೀತೇ? ಕೊನೆಗೆ ಎರಡು ಮಿಲಿಮೀಟರ್ ದಪ್ಪದ ಹಲಗೆಗಳನ್ನು ಅಂಗಡಿಯಿಂದಲೇ ತಂದ.

ಈ ಹಲಗೆಯನ್ನು ಬಗ್ಗಿಸಲು ಪ್ಲೈವುಡ್ಡಿನ ಅಚ್ಚೊಂದಿದೆ, ಗಿಟಾರಿನ ಅರ್ಧ ಮೈಯಷ್ಟು. ಅದರ ಹೊಟ್ಟೆಯೊಳಗೆ ಬಲ್ಬುಗಳು ಉರಿಯಬೇಕು, ಅದೂ ಹಳೆಯ ಕಾಲದ ತಂತಿ ಬಲ್ಬುಗಳು. ಎಲ್‌ಇಡಿ ಬಲ್ಬಿನ ಕಾವಿಗೆ ಬೀಟೆ ಬಗ್ಗುವುದಿಲ್ಲ. ಅಂಗಡಿಯವನು ಧೂಳು ಕೊಡವಿ ಬಲ್ಬು ಕೊಡುತ್ತ, "ಕೋಳಿಮರಿ ಸಾಕುತ್ತೀರಾ ಸಾರ್?" ಎಂದು ಕೇಳಿದ. ಹೌದೆಂದೆ. ಗಿಟಾರಿನ ಸೊಂಟದ ವಿಷಯವನ್ನು ಅಂಗಡಿಯ ಮುಂದೆ ನಿಂತು ವಿವರಿಸುವ ವಯಸ್ಸು ನನ್ನದಲ್ಲ.

ಹಲಗೆಯನ್ನು ಒದ್ದೆ ಮಾಡಿ, ತೆಳ್ಳನೆಯ ಉಕ್ಕಿನ ತಗಡುಗಳ ನಡುವೆ ಇಟ್ಟು ಅಚ್ಚಿನ ಮೇಲೆ ಮಲಗಿಸುತ್ತಾರೆ. ಬಿಸಿ ನೂರೈವತ್ತು ಡಿಗ್ರಿಯ ಸುತ್ತಮುತ್ತ ಏರಿದಾಗ ಮರದ ಎಳೆಗಳನ್ನು ಹಿಡಿದಿಟ್ಟ ಲಿಗ್ನಿನ್ ಮೆತ್ತಗಾಗುತ್ತದೆ. ಆಗ ಮೊದಲು ಸೊಂಟವನ್ನು ತಿರುಪಿನಿಂದ ಒತ್ತಿ, ಆಮೇಲೆ ಎರಡು ತುದಿಗಳನ್ನೂ ಕೆಳಗೆಳೆಯಬೇಕು. ಆರಿದರೆ ಮರ ಮತ್ತೆ ಮೊಂಡು. ನೀರು ಚಿಮುಕಿಸುವುದು ನನ್ನ ಕೆಲಸ, ತಿರುಪು ಅವನದು. ಸೊಂಟ ಅರ್ಧ ಇಳಿದಿತ್ತು. ಕರೆಂಟು ಹೋಯಿತು.

"ಬಿಟ್ಟುಬಿಡೋ" ಎಂದೆ. ಬಿಸಿ ಆರುವ ಮುಂಚೆ ಮುಗಿಸುತ್ತೇನೆಂದು ಅವನು ಕತ್ತಲಲ್ಲೇ ಇನ್ನೊಂದು ಸುತ್ತು ತಿರುಗಿಸಿದ. ಚಟ್ಟೆಂದಿತು. ಅಡುಗೆಮನೆಯಿಂದ ನನ್ನಾಕೆ, "ನಾಳೆಗೆಂದು ಇಟ್ಟ ಹಪ್ಪಳಕ್ಕೆ ಆಗಲೇ ಕೈ ಹಾಕಿದಿರಾ?" ಎಂದು ಕೂಗಿದಳು.

ಮರುದಿನ ಅವನನ್ನು ಸಮಾಧಾನಪಡಿಸಲು ನಾನೂ ಸ್ವಲ್ಪ ಓದಿಕೊಂಡೆ. 1862ರಲ್ಲಿ ಸ್ಪೇನಿನ ಆಂಟೋನಿಯೊ ಡಿ ಟೊರೆಸ್, ನಾದದ ಗುಟ್ಟೆಲ್ಲ ಮುಂದಿನ ಹಲಗೆಯಲ್ಲಿದೆ ಎಂದು ತೋರಿಸಲು ಬೆನ್ನು ಪಕ್ಕೆಗಳನ್ನು ರಟ್ಟಿನಲ್ಲಿ ಮಾಡಿ ಗಿಟಾರ್ ಕಟ್ಟಿದ್ದನಂತೆ. ಅದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. "ನೋಡೋ, ಹೊಸ ಫ್ರಿಜ್ಜಿನ ಪೆಟ್ಟಿಗೆ ಅಟ್ಟದ ಮೇಲೆ ಹಾಗೇ ಇದೆ" ಎಂದೆ. ಊಟದವರೆಗೂ ಅವನು ನನ್ನೊಡನೆ ಮಾತಾಡಲಿಲ್ಲ. ಇಂದಿಗೂ ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಆಮೇಲಿನ ಹಲಗೆಗಳು ಬಗ್ಗಿದವು. ರಾತ್ರಿಯಿಡೀ ಅಚ್ಚಿನಲ್ಲೇ ಆರಿಸಿ ಬಿಚ್ಚಿದರೂ ಮರ ತನ್ನ ಹಳೆಯ ನೆನಪಿಗೆ ಕೊಂಚ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಹೊರಗಿನಿಂದ ತಬ್ಬುವ ಇನ್ನೊಂದು ಅಚ್ಚಿನೊಳಗೆ ಇಳಿಸಿ, ಒಳಗಿನಿಂದ ತಿರುಪಿನ ಗೂಟಗಳನ್ನು ಕೊಟ್ಟು ಒತ್ತಿಡಬೇಕು. ಆ ಅಚ್ಚು ಊಟದ ಮೇಜಿನ ಮೇಲೆ ಕುಳಿತಿತು, ನಾವು ನೆಲದ ಮೇಲೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಪಕ್ಕೆಯ ಅಂಚಿಗೆ ಬೆನ್ನು ಅಂಟಿಕೊಳ್ಳಲು ಜಾಗ ಸಾಲದು. ಒಳಗೆ ಸುತ್ತಲೂ ಕಚ್ಚು ಹಾಕಿದ ಪಟ್ಟಿ ಅಂಟಿಸಬೇಕು. ಅಂಟು ಒಣಗುವವರೆಗೆ ಅದನ್ನು ಹಿಡಿಯಲು ಒತ್ತೊತ್ತಾಗಿ ಬಟ್ಟೆ ಕ್ಲಿಪ್ಪುಗಳು ಬೇಕು. ಗಿಟಾರು ಮಾಡುವವರಲ್ಲಿ ಇದು ಸರ್ವೇಸಾಧಾರಣವಂತೆ. ನಮ್ಮ ಬಟ್ಟೆ ಒಣಹಾಕುವ ತಂತಿಗೆ ಗೊತ್ತಿರಲಿಲ್ಲ. ಆಷಾಢದ ಗಾಳಿ. ನನ್ನ ಪಂಚೆ ಎದುರು ಮನೆಯ ಸಂಪಿಗೆ ಮರ ಏರಿತು. ಎದುರು ಮನೆಯ ರಾಯರು ಅದನ್ನು ದೋಟಿಯಿಂದ ಇಳಿಸಿ, ಮಡಿಸಿ ತಂದು, ಮೇಜಿನ ಮೇಲೆ ಸಾಲಾಗಿ ಕಚ್ಚಿ ಕುಳಿತ ಬಣ್ಣಬಣ್ಣದ ಕ್ಲಿಪ್ಪುಗಳನ್ನು ನೋಡಿದರು. "ಮೊಸಳೆಯೇ?" ಎಂದು ವಿಚಾರಿಸಿದರು.

ಇನ್ನು ಬೆನ್ನಿನ ಹಲಗೆಗೆ ಒಳಪಟ್ಟಿಗಳನ್ನು ಅಂಟಿಸುವುದು ಬಾಕಿಯಿದೆ. ಅದಕ್ಕೆ ಮೇಲೊಂದು ಹಲಗೆ ಕಟ್ಟಿ, ಬಾಗುವ ಕೋಲುಗಳನ್ನು ನಡುವೆ ಸಿಕ್ಕಿಸಿ ಒತ್ತಿಡುವ ಪದ್ಧತಿಯಂತೆ. ಈ ಶನಿವಾರ ಬಂದವನು ನೇರ ನಮ್ಮ ಮಲಗುವ ಕೋಣೆಗೆ ಹೋಗಿ, ಸೊಳ್ಳೆಪರದೆಯ ಬಿದಿರು ಕೋಲನ್ನು ಬಗ್ಗಿಸಿ ನೋಡುತ್ತಿದ್ದ.