ಹೊಸ ಮನೆಗೆ ಒಂದೇ ದೊಡ್ಡ ಎಸಿಯಾ, ಕೋಣೆಗೊಂದು ಸ್ಪ್ಲಿಟ್ಟಾ?

ಕಲಬುರಗಿಯಲ್ಲಿ ಅಪ್ಪನ ಕಾಲದ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಕೆಳಗೆ ಮೇಲೆ ಎರಡು ಅಂತಸ್ತು. ಸ್ಲ್ಯಾಬ್ ಆಗಿದೆ, ಪ್ಲಾಸ್ಟರ್ ಇನ್ನೂ ಆಗಿಲ್ಲ. ಇಡೀ ಮನೆಗೆ ಡಕ್ಟ್ (ತಣ್ಣನೆ ಗಾಳಿ ಹಾಯುವ ದೊಡ್ಡ ಕೊಳವೆ) ಹಾಕಿಸಿ ಸೆಂಟ್ರಲ್ ಎಸಿ ಮಾಡಿಸೋಣ ಅನ್ನುವುದು ಅಣ್ಣನ ಮಾತು. ಬೇಡ, ಬೇಕಾದ ಕೋಣೆಗಷ್ಟೇ ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಸಾಕು ಅನ್ನುವುದು ತಂಗಿಯ ಮಾತು. ಇಬ್ಬರೂ ತಮ್ಮ ತಮ್ಮ ಮಾತನ್ನು ಬರೆದಿದ್ದೇವೆ.

ಪರ: ಕೋಣೆಯಲ್ಲ, ಮನೆ ತಂಪಾಗಲಿ (ಅಣ್ಣ)

ಅವ್ವನಿಗೆ ಈಗ 74 ವರ್ಷ. ಏಪ್ರಿಲ್ ಬಂತೆಂದರೆ ಎಸಿ ಇರುವ ತನ್ನ ಕೋಣೆಯಲ್ಲೇ ಕೂತುಬಿಡುತ್ತಾಳೆ. ಊಟಕ್ಕೆ ಹೊರಗೆ ಬಾ ಅಂದರೆ ಬೇಜಾರು, ದೇವರ ಮನೆಗೆ ಹೋಗಲೂ ಬೇಜಾರು. ಕೋಣೆಯೊಳಗೆ 25 ಡಿಗ್ರಿ, ಬಾಗಿಲು ತೆಗೆದರೆ ಪಡಸಾಲೆಯಲ್ಲಿ 38. ಕಳೆದ ಬೇಸಿಗೆಯಲ್ಲಿ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ತಲೆ ಸುತ್ತಿ, ಗೋಡೆ ಹಿಡಿದು ನಿಂತಿದ್ದಳು. ನಾನು ನೋಡಿ ಓಡಿದೆ. ಅವತ್ತೇ ನನಗೆ ಗಟ್ಟಿಯಾಗಿ ಅನಿಸಿತು: ನಾವು ಕೋಣೆಗೆ ಎಸಿ ಹಾಕಿದ್ದೇವೆ, ಮನೆಗೆ ಹಾಕಿಲ್ಲ. ಮನುಷ್ಯರು ಮನೆ ತುಂಬ ಓಡಾಡುತ್ತಾರೆ ಅಲ್ವಾ?

ಇನ್ನು ಅಡುಗೆಮನೆ. ಮೇ ತಿಂಗಳಲ್ಲಿ ಬೆಳಿಗ್ಗೆ 11 ಗಂಟೆಗೆ ಜೋಳದ ರೊಟ್ಟಿ ಬಡಿಯುವವರ ಪಕ್ಕ ಐದು ನಿಮಿಷ ನಿಂತು ನೋಡಿ. ಹಂಚಿನ ಝಳ ಮುಖಕ್ಕೆ, ಕಿಟಕಿಯ ಝಳ ಬೆನ್ನಿಗೆ. ಫ್ಯಾನ್ ಹಾಕಿದರೆ ಉರಿ ಅಲ್ಲಾಡುತ್ತದೆ, ಹಿಟ್ಟು ಹಾರುತ್ತದೆ. ನನ್ನ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹನ್ನೆರಡು ರೊಟ್ಟಿ ಬೇಯಿಸುತ್ತಾಳೆ, ನಾವು ತಂಪಾದ ಕೋಣೆಯಲ್ಲಿ ಕೂತು ತಿನ್ನುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಸ್ಪ್ಲಿಟ್ ಹಾಕಿಸುವವರು ಕಡಿಮೆ, ಎಣ್ಣೆ ಜಿಡ್ಡು ಗಾಳಿ ತಣ್ಣಗೆ ಮಾಡುವ ಕಾಯಿಲ್‌ಗೆ ಹಿಡಿಯುತ್ತದೆ. ಡಕ್ಟ್ ಆದರೆ ತಣ್ಣನೆ ಗಾಳಿ ಬಿಡುವ ಬಾಯಿಯನ್ನು ಮಾತ್ರ ಅಲ್ಲಿಗೆ ಕೊಡಬಹುದು. ಗಾಳಿಯನ್ನು ವಾಪಸ್ ಎಳೆದುಕೊಳ್ಳುವ ಬಾಯಿ ಪಡಸಾಲೆಯಲ್ಲಿರಲಿ. ಆಗ ಜಿಡ್ಡು ಮಷೀನಿಗೆ ಅಷ್ಟಾಗಿ ಹೋಗುವುದಿಲ್ಲ.

ನಾನು ಅಮೆರಿಕದ ಡಲ್ಲಾಸ್‌ನಲ್ಲಿ ಎಂಟು ವರ್ಷ ಇದ್ದೆ. ಅಲ್ಲಿಯ ಆಗಸ್ಟ್ ನಮ್ಮ ಏಪ್ರಿಲ್‌ಗೆ ಕಡಿಮೆಯಿಲ್ಲ, 40 ಡಿಗ್ರಿ ಆಗುತ್ತದೆ. ಆದರೆ ಮನೆಯೊಳಗೆ ಬಿಸಿಲಿನ ನೆನಪೇ ಆಗುತ್ತಿರಲಿಲ್ಲ. ಗೋಡೆ ಮೇಲೆ ತಂಪು ಎಷ್ಟಿರಬೇಕೆಂದು ಹೊಂದಿಸುವ ಒಂದೇ ಒಂದು ಚಿಕ್ಕ ಥರ್ಮೋಸ್ಟಾಟ್. ಮಕ್ಕಳು ಯಾವ ಕೋಣೆಯಲ್ಲಿ ಆಡುತ್ತಿದ್ದಾರೆ, ಯಾವ ಬಾಗಿಲು ತೆರೆದಿದೆ ಎಂದು ನೋಡುವ ಕೆಲಸವೇ ಇಲ್ಲ. ಇಲ್ಲಿ ನಮ್ಮ ದಿನದ ಅರ್ಧ ಮಾತು "ಬಾಗಿಲು ಹಾಕ್ರೀ" ಅನ್ನುವುದೇ ಆಗಿದೆ.

ಜನ ಜಾಸ್ತಿ ಯೋಚಿಸದ ಇನ್ನೊಂದು ವಿಷಯವಿದೆ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯಲ್ಲಿ ಇದ್ದ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಬಿಡುತ್ತದೆ. ಮೂರು ಜನ ಬಾಗಿಲು ಕಿಟಕಿ ಮುಚ್ಚಿ ಮಲಗಿದರೆ ಬೆಳಿಗ್ಗೆ ತಲೆ ಭಾರ ಆಗುವುದಕ್ಕೆ ಇದೂ ಒಂದು ಕಾರಣ. ಡಕ್ಟ್ ವ್ಯವಸ್ಥೆಗೆ ಹೊರಗಿನ ಗಾಳಿಯನ್ನು ಸೋಸಿ ಸೇರಿಸುವ ಒಂದು ದಾರಿ ಕೊಡಬಹುದು.

ಕರೆಂಟ್ ಸುಮ್ನೆ ಸುಡುತ್ತದೆ ಅಂತ ತಂಗಿ ಹೇಳುತ್ತಾಳೆ. ಹಳೇ ಕಾಲದ ಸೆಂಟ್ರಲ್ ಎಸಿಗೆ ಆ ಮಾತು ನಿಜ. ಆಫ್ ಇಲ್ಲವೇ ಪೂರ್ತಿ ಆನ್, ನಡುವೆ ಏನೂ ಇರಲಿಲ್ಲ. ಈಗ ಇನ್ವರ್ಟರ್ ಕಂಪ್ರೆಸರ್ ಬಂದಿದೆ, ಬೇಕಾದಷ್ಟೇ ವೇಗದಲ್ಲಿ ಓಡುತ್ತದೆ. ಡಕ್ಟ್ ಒಳಗೆ ಡ್ಯಾಂಪರ್ (ತೆರೆದು ಮುಚ್ಚುವ ತಡೆ) ಇಟ್ಟರೆ ಖಾಲಿ ಕೋಣೆಗೆ ಹೋಗುವ ಗಾಳಿಯನ್ನು ನಿಲ್ಲಿಸಬಹುದು. ನಾನು ಕೇಳುತ್ತಿರುವುದು ಕೆಳಗೊಂದು, ಮೇಲೊಂದು ಯೂನಿಟ್. ಮೇಲೆ ಯಾರೂ ಇಲ್ಲದ ದಿನ ಮೇಲಿನದು ಬಂದ್.

ಎಲ್ಲಕ್ಕಿಂತ ಮುಖ್ಯ, ಈ ಕೆಲಸ ಈಗಲೇ ಆಗಬೇಕು. ನಮ್ಮ ಸ್ಲ್ಯಾಬ್ ಹತ್ತೂವರೆ ಅಡಿ ಎತ್ತರದಲ್ಲಿದೆ. ಡಕ್ಟ್ ಮತ್ತು ಫಾಲ್ಸ್ ಸೀಲಿಂಗ್‌ಗೆ ಒಂದು ಅಡಿ ಹೋದರೂ ಒಂಬತ್ತೂವರೆ ಅಡಿ ಉಳಿಯುತ್ತದೆ. ಗೋಡೆ ಬಣ್ಣ ಆದಮೇಲೆ ಮನಸ್ಸು ಬದಲಾದರೆ ಎಲ್ಲ ಒಡೆಯಬೇಕು. ಸ್ಪ್ಲಿಟ್ ಆದರೆ ಹತ್ತು ವರ್ಷ ಬಿಟ್ಟೂ ಹಾಕಿಸಬಹುದು, ಡಕ್ಟ್ ಹಾಗಲ್ಲ. ಅಪ್ಪ ಈ ಜಾಗದಲ್ಲಿ ಮನೆ ಕಟ್ಟಿಸಿದಾಗ ಬಾಗಿಲ ಮೇಲೆ ಬೆಳಕಿಂಡಿ ಬಿಡಿಸಿದ್ದರು, ಗಾಳಿ ಇಡೀ ಮನೆ ಸುತ್ತಿ ಹೋಗಲಿ ಎಂದು. ನನಗೂ ಬೇಕಾಗಿರುವುದು ಅದೇ.

ವಿರೋಧ: ಮಲಗುವ ಕೋಣೆ ತಂಪಿದ್ದರೆ ಸಾಕು (ತಂಗಿ)

ಅಣ್ಣನ ಡಲ್ಲಾಸ್ ಮನೆಗೆ ನಾನೂ ಒಂದು ತಿಂಗಳು ಹೋಗಿದ್ದೆ. ತಂಪು ನಿಜ, ಸುಖ ನಿಜ. ಆದರೆ ಆ ಡಕ್ಟ್ ಅಲ್ಲಿ ಯಾಕಿದೆ ಎಂದು ಅಣ್ಣ ಹೇಳಲಿಲ್ಲ. ಚಳಿಗಾಲದಲ್ಲಿ ಅದೇ ಡಕ್ಟ್‌ನಲ್ಲಿ ಬಿಸಿ ಗಾಳಿ ಬರುತ್ತದೆ. ಅಲ್ಲಿಯ ಮನೆಗಳಿಗೆ ಚಳಿ ಕಾಯಿಸಲು ಡಕ್ಟ್ ಹೇಗೂ ಬೇಕು, ತಣ್ಣನೆ ಗಾಳಿಯೂ ಅದರಲ್ಲೇ ಹೋಗುತ್ತದೆ. ವರ್ಷ ಪೂರ್ತಿ ಕೆಲಸ ಮಾಡುವ ಡಕ್ಟ್ ಅದು. ಕಲಬುರಗಿಯಲ್ಲಿ ಯಾರು ಮನೆ ಕಾಯಿಸುತ್ತಾರೆ? ಇಲ್ಲಿ ಡಕ್ಟ್‌ಗೆ ಕೆಲಸ ಮಾರ್ಚ್‌ನಿಂದ ಜೂನ್ ಮೊದಲ ಮಳೆಯವರೆಗೆ. ಉಳಿದ ಎಂಟು ತಿಂಗಳು ಫಾಲ್ಸ್ ಸೀಲಿಂಗ್ ಒಳಗೆ ಧೂಳು ಕೂಡಿಸುತ್ತಾ ಇರುತ್ತದೆ.

ಜಪಾನಿನಲ್ಲಿ ಮನೆಗಳು ಚಿಕ್ಕವು, ಕರೆಂಟ್ ದುಬಾರಿ. ಅಲ್ಲಿಯ ಜನ ಕೋಣೆಗೊಂದು ಸ್ಪ್ಲಿಟ್ ಹಿಡಿದರು. ಅಣ್ಣ ಹೊಗಳುವ ಇನ್ವರ್ಟರ್ ಕಂಪ್ರೆಸರ್ ಕೂಡ 1980ರ ದಶಕದ ಮೊದಲಲ್ಲಿ ಅಲ್ಲಿಯ ಮನೆಯ ಎಸಿಗಳಿಗೇ ಬಂತು. ನಾವು ನೋಡಬೇಕಾದ ಊರು ಡಲ್ಲಾಸ್ ಅಲ್ಲ.

ಈಗ ಲೆಕ್ಕ. ಒಂದು ಟನ್ ಎಸಿ ಅಂದರೆ ಒಂದು ಟನ್ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು, ಸುಮಾರು 3.5 ಕಿಲೋವ್ಯಾಟ್. ನಮಗೆ ಕೊಟೇಶನ್ ಕೊಟ್ಟವರು ಅಂತಸ್ತಿಗೆ ಐದೂವರೆ ಟನ್ ಯೂನಿಟ್ ಬರೆದಿದ್ದಾರೆ. ಪೂರ್ತಿ ಓಡಿದಾಗ ಒಂದೊಂದೂ ಹತ್ತಿರ ಹತ್ತಿರ 6 ಕಿಲೋವ್ಯಾಟ್ ಕರೆಂಟ್ ಎಳೆಯುತ್ತದೆ. ಅವ್ವನ ಕೋಣೆಗೆ ಒಂದು ಟನ್ ಸ್ಪ್ಲಿಟ್ ಸಾಕು, ಅದು ಪೂರ್ತಿ ಓಡಿದರೂ ಒಂದು ಕಿಲೋವ್ಯಾಟ್ ಆಸುಪಾಸು, ಕೋಣೆ ತಂಪಾದ ಮೇಲೆ ಅದಕ್ಕೂ ಕಡಿಮೆ. ಇನ್ನೂ ಒಂದು ಮಾತು. ನಮ್ಮಲ್ಲಿ ಮನೆಗೆ ಮಂಜೂರಾದ ಕರೆಂಟ್ ಲೋಡ್ ಎಷ್ಟು ಕಿಲೋವ್ಯಾಟ್ ಇದೆಯೋ ಅದರ ಮೇಲೆ ಪ್ರತಿ ತಿಂಗಳು ನಿಗದಿತ ಶುಲ್ಕ ಬೀಳುತ್ತದೆ. ಸೆಂಟ್ರಲ್ ಎಸಿಗೆಂದು ಲೋಡ್ ಏರಿಸಿಕೊಂಡರೆ ಡಿಸೆಂಬರ್‌ನಲ್ಲೂ ಕಟ್ಟುತ್ತಿರಬೇಕು, ಎಸಿ ಮುಟ್ಟದಿದ್ದರೂ.

ಡ್ಯಾಂಪರ್ ಹಾಕಿ ಗಾಳಿ ನಿಲ್ಲಿಸಬಹುದು, ಸರಿ. ಆದರೆ ಡಕ್ಟ್ ಹೋಗುವ ದಾರಿ ಯಾವುದು? ಮೇಲಿನ ಅಂತಸ್ತಿನಲ್ಲಿ ಸುಡುವ ಸ್ಲ್ಯಾಬ್‌ನ ಕೆಳಗೆ, ಫಾಲ್ಸ್ ಸೀಲಿಂಗ್‌ನ ಸಂದಿಯಲ್ಲಿ. ಮೇ ಮಧ್ಯಾಹ್ನ ಆ ಸ್ಲ್ಯಾಬ್‌ನ ತಳಕ್ಕೆ ಕೈ ಇಟ್ಟು ನೋಡಿದ್ದೇನೆ, ರೊಟ್ಟಿ ಹಂಚು ಇಳಿಸಿ ಸ್ವಲ್ಪ ಹೊತ್ತಾದ ಹಾಗಿತ್ತು. ಅಲ್ಲಿ ತಣ್ಣನೆ ಗಾಳಿ ಹಾಯಿಸುವುದು ಅಂದರೆ ದಾರಿಯಲ್ಲೇ ಒಂದಷ್ಟು ತಂಪು ಕಳೆದುಕೊಂಡಂತೆ. ಡಕ್ಟ್ ಜೋಡಣೆಯ ಸಂದಿಗಳಲ್ಲಿ ಸೋರುವುದು ಬೇರೆ. ಅಮೆರಿಕದ ಸಾಧಾರಣ ಮನೆಯಲ್ಲೇ ಡಕ್ಟ್‌ನಲ್ಲಿ ಹೋಗುವ ಗಾಳಿಯಲ್ಲಿ ಶೇಕಡ 20ರಿಂದ 30ರಷ್ಟು ಸೋರಿಕೆಯಲ್ಲೇ ಹೋಗುತ್ತದೆ ಎಂದು ಅಲ್ಲಿಯ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯೇ ಹೇಳುತ್ತದೆ. ಅಲ್ಲಿ ಈ ಕೆಲಸಕ್ಕೆ ಪಳಗಿದ ಜನ ಇದ್ದಾರೆ. ನಮ್ಮ ಊರಿನಲ್ಲಿ ಮನೆಗೆ ಡಕ್ಟ್ ಕೂಡಿಸಿದ ಕೈ ಎಷ್ಟಿವೆ? ಕೊಟೇಶನ್ ಕೊಟ್ಟವರು ಕೆಲಸಗಾರರನ್ನು ಹೈದರಾಬಾದ್‌ನಿಂದ ಕರೆಸುತ್ತೇವೆ ಅಂದರು.

ಕೆಟ್ಟುಹೋಗುವ ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದು. ಎರಡು ವರ್ಷದ ಹಿಂದೆ, ಮೇ ಎರಡನೇ ವಾರ, ಬಾಡಿಗೆ ಮನೆಯಲ್ಲಿ ಅವ್ವನ ಕೋಣೆಯ ಎಸಿ ಗ್ಯಾಸ್ ಲೀಕ್ ಆಯಿತು. ಬಿಸಿ ಗಾಳಿ ಊದತೊಡಗಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ "ನಾಳೆ ಬರ್ತೀನಕ್ಕ" ಅಂದ. ಬಂದದ್ದು ನಾಲ್ಕನೇ ದಿನ. ಆ ಹೊತ್ತಿನಲ್ಲಿ ಇಡೀ ಊರಿಗೇ ಅವನು ಬೇಕಿರುತ್ತಾನೆ, ಅವನನ್ನು ಬೈದು ಏನು ಪ್ರಯೋಜನ. ನಾವು ಅವ್ವನ ಗಾದಿ ಎತ್ತಿಕೊಂಡು ಎಸಿ ಇದ್ದ ನನ್ನ ಕೋಣೆಗೆ ತಂದು ಹಾಸಿದೆವು. ನಾಲ್ಕು ರಾತ್ರಿ ಅವ್ವ, ನಾನು, ನನ್ನ ಮಗಳು ಒಟ್ಟಿಗೆ ಮಲಗಿದೆವು. ಕೆಳಗಿನ ಸೆಂಟ್ರಲ್ ಯೂನಿಟ್ ಕೆಟ್ಟರೆ ಗಾದಿ ಎತ್ತಿಕೊಂಡು ಎಲ್ಲಿಗೆ ಹೋಗುವುದು? ಮೇಲಕ್ಕೆ? ಮೊಣಕಾಲು ನೋವಿನ ಅವ್ವ ಇಪ್ಪತ್ತು ಮೆಟ್ಟಿಲು ಹತ್ತುತ್ತಾಳಾ? ಬಿಡಿಭಾಗ ಹೊರಗಿನಿಂದ ಬರಬೇಕೆಂದರೆ ನಾಲ್ಕು ದಿನ ಎರಡು ವಾರ ಆಗುತ್ತದೆ. ಕರೆಂಟ್ ಹೋದಾಗಲೂ ಅಷ್ಟೇ. ಒಂದು ಟನ್ ಸ್ಪ್ಲಿಟ್ಟನ್ನು ಸ್ವಲ್ಪ ದೊಡ್ಡ ಇನ್ವರ್ಟರ್ ಬ್ಯಾಟರಿ ಮೇಲೆ ಒಂದೆರಡು ತಾಸು ಓಡಿಸಬಹುದು. ಐದೂವರೆ ಟನ್‌ಗೆ ಜನರೇಟರ್ ಬೇಕು.

ಸ್ಪ್ಲಿಟ್‌ನ ಜಾಳಿಗೆ ನಾನೇ ಬಿಚ್ಚಿ ನಲ್ಲಿ ಕೆಳಗೆ ಹಿಡಿಯುತ್ತೇನೆ, ಹತ್ತು ನಿಮಿಷದ ಕೆಲಸ. ನಮ್ಮ ಓಣಿಯ ತೊಗರಿ ಧೂಳು ಬೇಳೆಯ ಬಣ್ಣದಲ್ಲೇ ಇಳಿದು ಹೋಗುತ್ತದೆ. ಡಕ್ಟ್ ಒಳಗೆ ಕೂತ ಧೂಳನ್ನು ಯಾರು ನೋಡುತ್ತಾರೆ?

ಅಡುಗೆಮನೆಯ ಮಾತಿಗೆ ಅಣ್ಣನಿಗೆ ಕೈ ಮುಗಿಯುತ್ತೇನೆ. ವೈನಿಯ ಕಷ್ಟ ಅವನಿಗೆ ಕಾಣುತ್ತದೆ, ಎಷ್ಟೋ ಗಂಡಸರಿಗೆ ಕಾಣುವುದಿಲ್ಲ. ಆದರೆ ರೊಟ್ಟಿ ಮಾಡುವಾಗ ಎಕ್ಸಾಸ್ಟ್ ಫ್ಯಾನ್ ಹಾಕಲೇಬೇಕು, ಅದು ತಣ್ಣನೆ ಗಾಳಿಯನ್ನೂ ಹೊರಗೆ ಎಳೆದು ಬಿಸಾಕುತ್ತದೆ. ಅಲ್ಲಿಗೆ ಕೂಲರ್ ಒಳ್ಳೆಯದು. ಕೂಲರ್‌ಗೆ ಗಾಳಿ ಹೊರಗೆ ಹೋಗುವ ದಾರಿ ಬೇಕೇ ಬೇಕು, ಎಕ್ಸಾಸ್ಟ್ ಆ ಕೆಲಸ ಮಾಡುತ್ತದೆ. ಗಾಳಿಯ ಮುಖವನ್ನು ಒಲೆಯ ಕಡೆ ಬಿಡದೆ ವೈನಿಯ ಬೆನ್ನಿಗೆ ಕೆಳಮಟ್ಟದಲ್ಲಿ ತಿರುಗಿಸಿದರಾಯಿತು. ನಮ್ಮದು ಒಣ ಬಿಸಿಲು. ಮಂಗಳೂರಿನಲ್ಲಿ ಕೂಲರ್ ಹಾಕಿದರೆ ಮೈ ಇನ್ನಷ್ಟು ಅಂಟುತ್ತದೆ, ಇಲ್ಲಿ ಏಪ್ರಿಲ್ ಮೇನಲ್ಲಿ ನೀರು ಬೇಗ ಆರಿ ಗಾಳಿ ತಂಪಾಗುತ್ತದೆ. ಪಡಸಾಲೆಗೂ ಕಿಟಕಿಯಲ್ಲಿ ದೊಡ್ಡ ಕೂಲರ್ ಕೂಡಿಸಿದರೆ ಕೋಣೆಗೂ ಪಡಸಾಲೆಗೂ 13 ಡಿಗ್ರಿ ಅಂತರ ಉಳಿಯುವುದಿಲ್ಲ. ಅವ್ವ ಬಾಗಿಲು ತೆಗೆದು ಹೊರಗೆ ಬರುತ್ತಾಳೆ.

ಒಳಗೆ ಹೊಸ ಗಾಳಿ ಬೇಕು ಅನ್ನುವುದೂ ಸರಿ. ಮಲಗುವ ಮುಂಚೆ ಅರ್ಧ ತಾಸು, ಬೆಳಗಿನ ಜಾವ ಒಂದು ತಾಸು ಕಿಟಕಿ ತೆಗೆಯಬೇಕು, ಬೇಕಾದರೆ ಗೋಡೆಯಲ್ಲಿ ಚಿಕ್ಕ ಫ್ಯಾನ್ ಇಡಿಸೋಣ. ಡಕ್ಟ್‌ನಲ್ಲಿ ಉಳಿದ ದುಡ್ಡು ಮಾಳಿಗೆಗೆ ಹಾಕೋಣ. ಬಿಸಿಲು ಬಡಿಯುವುದೇ ಅಲ್ಲಿ. ಸ್ಲ್ಯಾಬ್ ಮೇಲೆ ಬಿಳಿ ಬಣ್ಣ, ಪಶ್ಚಿಮದ ಗೋಡೆಗೆ ನೆರಳು. ಅಪ್ಪನ ಹಳೇ ಮನೆಗೆ ದಪ್ಪ ಮಣ್ಣಿನ ಮಾಳಿಗೆ ಇತ್ತು, ಮಧ್ಯಾಹ್ನ ಎರಡಕ್ಕೂ ಒಳಗೆ ಶಹಾಬಾದ್ ಕಲ್ಲಿನ ನೆಲ ತಣ್ಣಗಿರುತ್ತಿತ್ತು. ಬೆಳಕಿಂಡಿ ನೆನಪಿಟ್ಟ ಅಣ್ಣ ಮಾಳಿಗೆಯನ್ನು ಮರೆತಿದ್ದಾನೆ.

ಅಣ್ಣನ ಒಂದು ಮಾತು ನಾನೂ ಒಪ್ಪುತ್ತೇನೆ. ಪ್ಲಾಸ್ಟರ್‌ಗೆ ಮುಂಚೆಯೇ ಎಲ್ಲ ಆಗಬೇಕು. ಸ್ಪ್ಲಿಟ್‌ಗೂ ತಾಮ್ರದ ಪೈಪ್, ವೈರ್, ಡ್ರೈನ್ ಪೈಪ್ ಗೋಡೆಯೊಳಗೆ ಈಗಲೇ ಹೋಗಬೇಕು. ಯಾವ ಎಸಿ ಬಂದರೂ ನೀರು ಹೊರಗೆ ಹೋಗಲೇಬೇಕಲ್ಲ, ಅದಕ್ಕೇ ಡ್ರೈನ್ ಪೈಪ್ ಆಗಲೇ ಕೂಡಿಸಿಯಾಗಿದೆ. ಡ್ರೈನ್ ಪೈಪಿಗೆ ಇಳಿಜಾರು ಸರಿಯಿಲ್ಲದಿದ್ದರೆ ಎರಡನೇ ವರ್ಷ ಗೋಡೆಗೆ ಹಸಿರು ಪಾಚಿ ಕಟ್ಟುತ್ತದೆ. ನಿನ್ನೆ ಸಂಜೆ ಹೋಗಿ ಒಂದೊಂದು ಪೈಪಿಗೂ ಒಂದೊಂದು ತಂಬಿಗೆ ನೀರು ಹಾಕಿ ನೋಡಿದೆ. ಮೇಲಿನ ಎರಡು ಕೋಣೆಯ ನೀರು ತಕ್ಷಣ ಹೊರಗೆ ಬಿತ್ತು. ಅವ್ವನ ಕೋಣೆಯದು ಬರಲಿಲ್ಲ, ಮೂಲೆಯಲ್ಲೇ ನಿಂತಿತು. ಮೇಸ್ತ್ರಿ ಶನಿವಾರ ಗೋಡೆ ಮತ್ತೆ ಕೊರೆಯುತ್ತೇನೆ ಅಂದಿದ್ದಾರೆ. ಅಣ್ಣನಿಗೂ ಬರಲು ಹೇಳಿದ್ದೇನೆ.