ಗೆದ್ದಲಿನ ಪ್ರಮಾಣೀಕೃತ ಮಾದರಿ ಕೋರಿ ಅರ್ಜಿ

2005ರ ಮಾಹಿತಿ ಹಕ್ಕು ಕಾಯ್ದೆ ಬರೆದವರು ಬಹಳ ಧಾರಾಳಿಗಳು. ಮಾಹಿತಿ ಅಂದರೆ ಏನು ಅಂತ ಎರಡನೇ ಕಲಂನಲ್ಲೇ ಪಟ್ಟಿ ಕೊಟ್ಟುಬಿಟ್ಟಿದ್ದಾರೆ. ಇ-ಮೇಲ್, ಅಭಿಪ್ರಾಯ, ಸಲಹೆ, ಸುತ್ತೋಲೆ, ಆದೇಶ, ಲಾಗ್‌ಬುಕ್, ಕರಾರು, ವರದಿ ಎಲ್ಲವೂ ಮಾಹಿತಿ. ಕಡತ, ಹಸ್ತಪ್ರತಿ, ಮೈಕ್ರೋಫಿಲ್ಮ್ ಎಲ್ಲವೂ ದಾಖಲೆ. ಹೌದು, ಮೈಕ್ರೋಫಿಲ್ಮ್! ಕಚೇರಿಯ ಜೆರಾಕ್ಸ್ ಮೆಷಿನ್ ಕೆಟ್ಟು ಕೂತಿದ್ದರೂ ಮೈಕ್ರೋಫಿಲ್ಮ್ ಕೇಳುವ ಹಕ್ಕು ನಮಗಿದೆ.

ಸರಿ, ಕಡತ ದಾಖಲೆ. ಕಡತದೊಳಗಿನ ಟಿಪ್ಪಣಿ? ಗುಮಾಸ್ತರು ‘ನಿಯಮದಲ್ಲಿ ಅವಕಾಶವಿಲ್ಲ’ ಅಂತ ಬರೆದದ್ದು, ಮೇಲಿನವರು ‘ಒಪ್ಪಿದೆ’ ಅಂದದ್ದು, ಒಂದು ವಾರ ಕಳೆದ ಮೇಲೆ ಅದೇ ಗುಮಾಸ್ತರಿಗೆ ನಿಯಮದಲ್ಲಿ ಅವಕಾಶ ಕಂಡದ್ದು? ಕಥೆ ಇರುವುದೇ ಅಲ್ಲಿ. ಆದೇಶದಲ್ಲಿ ಏನಿರುತ್ತೆ, ಬರೀ ಸಹಿ.

ಈ ಕಾಯ್ದೆಯನ್ನು ನೋಡಿಕೊಳ್ಳುವುದು ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ. ಟಿಪ್ಪಣಿ ಮಾಹಿತಿಯೇ ಅಲ್ಲ ಅಂತ ತನ್ನ ವೆಬ್‌ಸೈಟಿನಲ್ಲಿ ಹಾಕಿಕೊಂಡದ್ದೂ ಅದೇ. 2006ರ ಜನವರಿಯಲ್ಲಿ ಕೇಂದ್ರ ಮಾಹಿತಿ ಆಯೋಗ ‘ಮಾಹಿತಿ ಹೌದು’ ಅಂದಿತು. ವೆಬ್‌ಸೈಟ್ ಕದಲಲಿಲ್ಲ. ಬದಲಿಗೆ ಅದೇ ವರ್ಷದ ಜುಲೈನಲ್ಲಿ ಕಾಯ್ದೆಯನ್ನೇ ತಿದ್ದಲು ಸಚಿವ ಸಂಪುಟ ಹೊರಟಿತು. ಜನ ಬೀದಿಗಿಳಿದರು, ತಿದ್ದುಪಡಿ ನಿಂತಿತು. ಇಲಾಖೆ ಟಿಪ್ಪಣಿ ಕೊಡಬಹುದು ಅಂತ ಸ್ಪಷ್ಟವಾಗಿ ಬರೆದುಕೊಟ್ಟದ್ದು 2009ರ ಜೂನ್‌ನಲ್ಲಿ. ‘ಅಭಿಪ್ರಾಯ’ ಅನ್ನುವ ಪದ ಕಾಯ್ದೆಯಲ್ಲಿ ಮೊದಲ ದಿನದಿಂದಲೂ ಇತ್ತು. ಪಾಪ, ಅಷ್ಟು ಓದೋಕೆ ಟೈಮ್ ಬೇಕಲ್ವಾ?

ಟಿಪ್ಪಣಿ ಹೊರಗೆ ಹೋಗುತ್ತದೆ ಅಂತ ಗೊತ್ತಾದ ಮೇಲೆ ಕೆಲವು ಕಚೇರಿಗಳಲ್ಲಿ ಭಾಷೆ ಬಹಳ ಸುಧಾರಿಸಿದೆ. ಕಡತ ಮೇಲೆ ಹೋದರೆ ಸಾಹೇಬರು ‘ಚರ್ಚಿಸಿ’ ಅಂತ ಷರಾ ಬರೆಯುತ್ತಾರೆ. ಕೆಳಗಿನವರು ‘ಚರ್ಚಿಸಲಾಯಿತು, ಅದರಂತೆ ಮಂಡಿಸಿದೆ’ ಅಂತ ಬರೆಯುತ್ತಾರೆ. ಏನು ಚರ್ಚೆ, ಯಾರ ಫೋನ್ ಬಂದಿತ್ತು, ಕಾಫಿ ಯಾರು ತರಿಸಿದರು, ಯಾವುದೂ ದಾಖಲೆ ಅಲ್ಲ. ಗಾಳಿಯಲ್ಲಿ ಹೋದ ಮಾತಿಗೆ ಪುಟಕ್ಕೆ ಎರಡು ರೂಪಾಯಿ ನಕಲು ಶುಲ್ಕ ವಸೂಲಿ ಮಾಡುವುದಾದರೂ ಹೇಗೆ?

ನಮ್ಮ ಕರ್ನಾಟಕದ ನಿಯಮ ಇನ್ನೂ ಒಂದು ಕೈ ಮೇಲೆ. ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಳುವವನಿಗೆ ಮಿತಿ. ಉತ್ತರಕ್ಕೆ ಮಿತಿ ಇಲ್ಲ, ಆದರೂ ಕಚೇರಿಯವರು ಮಿತಭಾಷಿಗಳು. ಎಷ್ಟೋ ಹಿಂಬರಹಗಳು ಎರಡೇ ಪದದಲ್ಲಿ ಮುಗಿದುಹೋಗುತ್ತವೆ: ‘ಕಡತ ಲಭ್ಯವಿರುವುದಿಲ್ಲ.’

ಕಡತ ಸಿಗುತ್ತಿಲ್ಲ ಅಂದುಬಿಟ್ಟರೆ ಮುಗಿಯಲಿಲ್ಲ, ಹುಡುಕಿ, ಸಿಗದಿದ್ದರೆ ಹೊಣೆ ಯಾರದೆಂದು ಗೊತ್ತುಮಾಡಿ ಅಂತ ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಕೇಂದ್ರದ ದಾಖಲೆಯನ್ನು ಕಾನೂನುಬಾಹಿರವಾಗಿ ನಾಶಮಾಡಿದರೆ ಐದು ವರ್ಷದವರೆಗೆ ಜೈಲು ಅಂತ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಹೇಳುತ್ತದೆ. ಆದರೆ ಮನುಷ್ಯರು ಯಾಕೆ ನಾಶ ಮಾಡುತ್ತಾರೆ ಹೇಳಿ? ಮಾಡುವುದೆಲ್ಲ ಗೆದ್ದಲು. ಅದೂ ಎಂಥ ಗೆದ್ದಲು! ಪಕ್ಕದ ರಜಾ ಅರ್ಜಿಗಳ ಕಟ್ಟು ಮುಟ್ಟುವುದಿಲ್ಲ, ಟೆಂಡರ್ ಕಡತ ಮಾತ್ರ ಪೂರ್ತಿ ತಿನ್ನುತ್ತದೆ.

ಅದಕ್ಕೇ ನನ್ನದೊಂದು ಯೋಚನೆ ಇದೆ. ಇದೇ ಕಾಯ್ದೆಯ ಪ್ರಕಾರ ವಸ್ತುಗಳ ಪ್ರಮಾಣೀಕೃತ ಮಾದರಿ ಪಡೆಯುವುದೂ ನಮ್ಮ ಹಕ್ಕು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಹೀಗೆ ಬರೆಯೋಣ: ‘ಸದರಿ ಕಡತವನ್ನು ತಿಂದ ಗೆದ್ದಲಿನ ಒಂದು ಪ್ರಮಾಣೀಕೃತ ಮಾದರಿ ಒದಗಿಸಲು ಕೋರಿದೆ. ಕಡತದ ಮಾಹಿತಿ ಈಗ ಅದರ ಹೊಟ್ಟೆಯಲ್ಲಿದೆ.’ ವಿಷಯ ಒಂದೇ, 150 ಪದದೊಳಗೇ ಇದೆ, ತಿರಸ್ಕರಿಸಲು ಕಾರಣವೇ ಇಲ್ಲ.

ಉತ್ತರ ಬಂದೇ ಬರುತ್ತದೆ. ‘ಗೆದ್ದಲು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಕಟ್ಟಡ ಲೋಕೋಪಯೋಗಿ ಇಲಾಖೆಯದಾದ್ದರಿಂದ ನಿಮ್ಮ ಅರ್ಜಿಯನ್ನು ಕಲಂ 6(3)ರಡಿ ಅಲ್ಲಿಗೆ ವರ್ಗಾಯಿಸಿದೆ.’