ಅಪ್ಪಯ್ಯನ ಹೆಬ್ಬೆರಳು, ರಿಮೋಟಿನ ದೃಷ್ಟಿಬೊಟ್ಟು

ನಮ್ಮ ಮನೆಯ ಟಿವಿ ರಿಮೋಟಿನಲ್ಲಿ ಒಟ್ಟು 48 ಬಟನ್ ಇದ್ದವು. ಅದರಲ್ಲಿ ಅಮ್ಮನಿಗೆ ಬೇಕಾದ್ದು ನಾಲ್ಕು. ಅಪ್ಪಯ್ಯನಿಗೆ ಬೇಕಾದ್ದು ಆ ನಾಲ್ಕರಲ್ಲೇ ಒಂದು, ವಾಲ್ಯೂಮ್ ಜಾಸ್ತಿ ಮಾಡೋದು. ಉಳಿದ 44 ಬಟನ್‌ಗಳು ಅಂಗಡಿಯಿಂದ ತಂದ ದಿನ ಹೇಗಿದ್ದವೋ ಹಾಗೇ ಇದ್ದವು. ಕೆಳಗಡೆ ಕೆಂಪು, ಹಸಿರು, ಹಳದಿ, ನೀಲಿ ಅಂತ ಸಾಲಾಗಿ ನಾಲ್ಕು ಇರುತ್ತವಲ್ಲ, ಅವು ಯಾತಕ್ಕೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವುಗಳ ಮೈಮೇಲೆ ಒಂದು ಗೀರೂ ಇಲ್ಲ. ಪಕ್ಕದಲ್ಲೇ ಇರುವ ವಾಲ್ಯೂಮ್ ಬಟನ್ ಮಾತ್ರ ಒತ್ತಿ ಒತ್ತಿ ಹೊಂಡ ಬಿದ್ದಿತ್ತು. ಅದರ ಮೇಲಿನ ಪ್ಲಸ್ ಗುರುತು ಎರಡನೇ ವರ್ಷಕ್ಕೆ ಮೈನಸ್ ಆಗಿ, ಮೂರನೇ ವರ್ಷಕ್ಕೆ ಅದೂ ಅಳಿಸಿಹೋಯಿತು.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಇರುವ ಮನೆ. ಅಂಗಳಕ್ಕೆ ತಗಡಿನ ಶೀಟು ಹಾಕಿಸಿದ್ದೇವೆ. ಆಷಾಢದ ಮಳೆ ಆ ಶೀಟಿನ ಮೇಲೆ ಬೀಳೋಕೆ ಶುರುವಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸೋದಿಲ್ಲ. ಆಗ ಅಪ್ಪಯ್ಯ ವಾಲ್ಯೂಮ್ ಜಾಸ್ತಿ ಮಾಡುತ್ತಾರೆ. ಮಳೆ ಹೊಳವಾದರೆ ಅಮ್ಮ ಕಡಿಮೆ ಮಾಡುತ್ತಾಳೆ. ಮತ್ತೆ ಜೋರಾದರೆ ಮತ್ತೆ ಜಾಸ್ತಿ. ಇನ್ನೂ ಜೋರಾದರೆ ಡಿಶ್ ಸಿಗ್ನಲ್ಲೇ ಹೋಗುತ್ತದೆ. ಆಗಲೂ ಅಪ್ಪಯ್ಯ ಒತ್ತುತ್ತಲೇ ಇರುತ್ತಾರೆ. ಈ ರಿಮೋಟ್ ಮಾಡಿದವರು ಬಟನ್ ಎಷ್ಟು ಸಲ ಒತ್ತಿದರೆ ತಡೆಯುತ್ತೆ ಅಂತ ಪರೀಕ್ಷೆ ಮಾಡಿರಬಹುದು. ಮಲೆನಾಡಿನ ಮಳೆಗಾಲವನ್ನಂತೂ ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ.

ಅಪ್ಪಯ್ಯನ ಒತ್ತೋ ಕ್ರಮವೂ ಬೇರೆ. ಗಟ್ಟಿಯಾಗಿ ಒತ್ತಿದರೆ ಗಟ್ಟಿಯಾಗಿ ಕೇಳುತ್ತೆ ಅನ್ನೋದು ಅವರ ನಂಬಿಕೆ. ಕೈ ಮುಂದೆ ಚಾಚಿ, ಟಿವಿ ಕಡೆಗೆ ರಿಮೋಟನ್ನು ಎಸೆಯುವವರ ಹಾಗೆ ಒಂದು ಸಲ ಝಾಡಿಸಿ ಒತ್ತುತ್ತಾರೆ. ಅದೂ ಎಂಥ ಹೆಬ್ಬೆರಳು? ನಲವತ್ತು ವರ್ಷ ಅಡಿಕೆ ಸುಲಿದ ಹೆಬ್ಬೆರಳು. ಚೊಗರು ಹಿಡಿದು ಕಪ್ಪಾಗಿರುವ ಅದರ ಮುಂದೆ ರಬ್ಬರ್ ಬಟನ್ ಯಾವ ಲೆಕ್ಕ!

ಕೊನೆಗೊಂದು ದಿನ ವಾಲ್ಯೂಮ್ ಏರೋದು ನಿಂತಿತು. ಮೊದಲು ಎಲ್ಲ ಮನೆಯಲ್ಲೂ ಆಗುವ ಚಿಕಿತ್ಸೆಗಳಾದವು. ರಿಮೋಟನ್ನು ಅಂಗೈಗೆ ಪಟಪಟ ಬಡಿದಿದ್ದಾಯಿತು. ಸೆಲ್ ತೆಗೆದು ತಿರುಗಿಸಿ ಹಾಕಿದ್ದಾಯಿತು. ಅಪರೂಪಕ್ಕೆ ಬಿಸಿಲು ಬಂದ ಹೊತ್ತಲ್ಲಿ ಹಪ್ಪಳದ ಪಕ್ಕ ಸೆಲ್ಲನ್ನೂ ಒಣಗಿಸಿದ್ದಾಯಿತು.

"ನೀನು ಎಂತಾ ಸೆಲ್ ತಂದಿದ್ದು ಮಾರಾಯ?" ಅಂತ ಅಪ್ಪಯ್ಯ ನನ್ನನ್ನೇ ಹಿಡಿದುಕೊಂಡರು.

ಸೆಲ್ಲಿನದ್ದು ತಪ್ಪಿಲ್ಲ ಅಂತ ತೋರಿಸೋಕೆ ನಾನು ಮೊಬೈಲಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ರಿಮೋಟಿನ ಮೂತಿಯನ್ನು ಅದರ ಎದುರು ಹಿಡಿದು ಚಾನೆಲ್ ಬಟನ್ ಒತ್ತಿದೆ. ಬರೀ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸ್ಕ್ರೀನಿನಲ್ಲಿ ನೇರಳೆ ಬಣ್ಣದಲ್ಲಿ ಮಿನುಗಿತು. ವಾಲ್ಯೂಮ್ ಒತ್ತಿದರೆ ಕತ್ತಲೆ. ಅಂದರೆ ಸೆಲ್ ಸರಿ ಇದೆ, ಬಟನ್ ಸತ್ತಿದೆ. ಅಪ್ಪಯ್ಯ ಮೊಬೈಲನ್ನೇ ಅನುಮಾನದಿಂದ ನೋಡಿದರು.

ರಿಮೋಟ್ ಬಿಚ್ಚಲು ಕೂತೆ. ಹಿಂದೆ ಸ್ಕ್ರೂ ಇದೆಯಾ ಅಂತ ಹುಡುಕಿದರೆ ಒಂದೂ ಇಲ್ಲ. ಎರಡು ಚಿಪ್ಪು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಹಳೇ ಚಾಕು ಸಂದಿಗೆ ತೂರಿಸಿ ಮೀಟಿದೆ. ಟಕ್ ಅಂತ ಬಾಯಿ ಬಿಟ್ಟಿತು, ಜೊತೆಗೆ ಮೂರು ಇರುವೆ ಹೊರಗೆ ಬಂದವು. ಒಳಗೆ ಇರೋದು ಬಿಡಿಬಿಡಿ ಬಟನ್‌ಗಳಲ್ಲ, ಒಂದೇ ರಬ್ಬರ್ ಹಾಳೆ. ಪಡ್ಡಿನ ಕಾವಲಿ ಮಗುಚಿ ಹಾಕಿದ ಹಾಗೆ ಕಾಣುತ್ತದೆ. ಪ್ರತಿ ಗುಳಿಯ ಒಳಗೂ ಒಂದೊಂದು ಕಪ್ಪು ಚುಕ್ಕೆ, ಥೇಟ್ ಮಗುವಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟು. ಅದು ಕಾರ್ಬನ್. ಕೆಳಗಿನ ಹಸಿರು ಹಲಗೆಯ ಮೇಲೆ ಎರಡು ಬಾಚಣಿಗೆಯ ಹಲ್ಲುಗಳನ್ನು ಒಂದರೊಳಗೊಂದು ಮುಟ್ಟದ ಹಾಗೆ ಇಟ್ಟಂತೆ ಗೆರೆಗಳಿರುತ್ತವೆ. ನಾವು ಒತ್ತಿದಾಗ ದೃಷ್ಟಿಬೊಟ್ಟು ಇಳಿದು ಎರಡಕ್ಕೂ ಸೇತುವೆ ಆಗುತ್ತದೆ. ಅಷ್ಟೇ ಕೆಲಸ. ಅದು ಮುಟ್ಟಿದರೆ ಸಾಕು, ಮೆಲ್ಲಗೆ ಮುಟ್ಟಿದರೂ ಒಂದೇ, ಅಪ್ಪಯ್ಯನ ಹಾಗೆ ಗುದ್ದಿದರೂ ಒಂದೇ.

ಹಲಗೆಯ ಮೇಲೆ ಜಿಡ್ಡು ಕೂತಿತ್ತು. ಅಮ್ಮನ ರೊಟ್ಟಿ ಕೈ ಅಂತ ನಾನು ಆರೋಪ ಹೊರಿಸಿ ಬೈಸಿಕೊಂಡೆ. ನಿಜ ಹೇಳಬೇಕು ಅಂದರೆ ವರ್ಷಗಳು ಕಳೆದ ಹಾಗೆ ಆ ರಬ್ಬರೇ ಒಂಥರಾ ಎಣ್ಣೆ ಬಿಟ್ಟುಕೊಳ್ಳುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದೆ. ಉಳಿದ ಬಟನ್ ಎಲ್ಲ ಲಕಲಕ ಕೆಲಸ ಮಾಡಿದವು. ವಾಲ್ಯೂಮಿನ ದೃಷ್ಟಿಬೊಟ್ಟು ಮಾತ್ರ ಸವೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ಚಾಕಲೇಟ್ ಸುತ್ತಿದ ಬೆಳ್ಳಿ ಕಾಗದವನ್ನು ಚುಕ್ಕಿಯಷ್ಟು ಕತ್ತರಿಸಿ, ಗೋಂದು ಹಚ್ಚಿ ಅದರ ಮೇಲೆ ಅಂಟಿಸಿದೆ. ಹಳ್ಳಿಮನೆಯಲ್ಲಿ ಎಂಜಿನಿಯರ್ ಆಗೋದು ಇಷ್ಟು ಸುಲಭ ಅಂತ ಬೀಗಿದೆ ಕೂಡ. ಆ ರಬ್ಬರಿಗೆ ಗೋಂದು ಹಿಡಿಯೋದಿಲ್ಲ ಅನ್ನೋದು ಮೂರನೇ ದಿನ ಗೊತ್ತಾಯಿತು.

ಅವತ್ತು ರಾತ್ರಿ ಸೀರಿಯಲ್ಲಿನಲ್ಲಿ ಅತ್ತೆ ಅಳುತ್ತಿದ್ದಳು. ಬೆಳ್ಳಿ ಚುಕ್ಕಿ ಕಳಚಿ ಬಾಚಣಿಗೆಯ ಮೇಲೆ ಮಲಗಿಬಿಟ್ಟಿತು. ವಾಲ್ಯೂಮ್ 20, 35, 60 ಅಂತ ತಾನೇ ಏರತೊಡಗಿತು. ಬೇರೆ ಯಾವ ಬಟನ್ ಒತ್ತಿದರೂ ಕೇಳುತ್ತಿಲ್ಲ, ಯಾಕೆಂದರೆ ರಿಮೋಟಿನ ಪ್ರಕಾರ ಒಂದು ಬಟನ್ ಒತ್ತಿಯೇ ಇದೆಯಲ್ಲ. ನಾನು ಸೆಲ್ ಕಿತ್ತೆ. ಆದರೆ ಅಷ್ಟರಲ್ಲಿ 100 ತಲುಪಿತ್ತು, ಈಗ ಇಳಿಸೋಕೆ ರಿಮೋಟೇ ಇಲ್ಲ! ಟಿವಿಯ ಹಿಂದೆ ಎಲ್ಲೋ ಒಂದು ಬಟನ್ ಇರುತ್ತದಂತೆ, ಎಲ್ಲಿ ಅಂತ ತಡಕಾಡಿದ್ದೇ ಬಂತು. ಅಮ್ಮ ಪ್ಲಗ್ ಎಳೆದಳು. ಆ ಮೌನದಲ್ಲಿ ಫೋನ್ ರಿಂಗಾಯಿತು. ತೋಟದ ಆಚೆ ಮನೆಯವರು.

"ಹೆಗ್ಡೇರೆ, ನಿಮ್ಮನೇಲಿ ಯಾರಿಗೆ ಎಂತಾಯ್ತು? ನಾವು ಈಗ್ಲೇ ಹೊರಟ್ವಿ."

ಮಾರನೇ ದಿನವೇ ಶಿವಮೊಗ್ಗಕ್ಕೆ ಹೋಗಿ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ 180 ರೂಪಾಯಿಗೆ ಯೂನಿವರ್ಸಲ್ ರಿಮೋಟ್ ತಂದೆ. ಅಂಗಡಿಯವನು "ಎಲ್ಲಾ ಟಿವಿಗೂ ಆಗುತ್ತೆ ಸಾರ್" ಅಂದ. ದುಡ್ಡು ಎಣಿಸಿಕೊಂಡ ಮೇಲೆ "ನಿಮ್ಮ ಟಿವಿಗೆ ಆಗುತ್ತಾ ನೋಡ್ಕೊಳ್ಳಿ" ಅಂದ.

ಒಂದೊಂದು ಕಂಪನಿಯ ಟಿವಿಯದ್ದು ಒಂದೊಂದು ಭಾಷೆ. ಯೂನಿವರ್ಸಲ್ ರಿಮೋಟ್ ಅವನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಟಿವಿ ಆನ್ ಮಾಡಿ, ಸೆಟ್ ಬಟನ್ ಹಿಡಿದುಕೊಂಡು ಕೂರಬೇಕು. ಅದು ಒಂದಾದ ಮೇಲೊಂದು ಭಾಷೆಯಲ್ಲಿ "ಆಫ್ ಆಗು" ಅಂತ ಹೇಳುತ್ತಾ ಹೋಗುತ್ತದೆ. ಟಿವಿ ಆಫ್ ಆದ ಕೂಡಲೇ ಕೈ ಬಿಡಬೇಕು. ತಡವಾದರೆ ಮುಂದಿನದಕ್ಕೆ ಹೋಗಿಬಿಡುತ್ತದೆ. ಹೆಬ್ಬೆರಳಿನ ಕೆಲಸವಾದ್ದರಿಂದ ಅಪ್ಪಯ್ಯನೇ ಹಿಡಿದು ಕೂತರು. ಐದು ನಿಮಿಷ ಆಯಿತು, ಹತ್ತಾಯಿತು. ಟಿವಿ ಪಟ್ಟನೆ ಆಫ್ ಆಯಿತು.

"ಆಫ್ ಆಯ್ತು! ಬಿಡಿ, ಬಿಡಿ!" ಅಂತ ನಾನೂ ಅಮ್ಮನೂ ಒಟ್ಟಿಗೆ ಕೂಗಿದೆವು. ಅಪ್ಪಯ್ಯ ಬಿಟ್ಟರು. ಅಮ್ಮ ಖುಷಿಯಲ್ಲಿ ಕಾಫಿಗೆ ಅಂತ ಎದ್ದು ಹೊಸಿಲು ಎಡವಿದಳು. ಮನೆಯೆಲ್ಲ ಕತ್ತಲೆ ಅಂತ ಆಗ ಗೊತ್ತಾಯಿತು. ಹೋಗಿದ್ದು ಕರೆಂಟು.

ಎರಡನೇ ದಿನ ಕೋಡ್ ಸಿಕ್ಕಿತು. ಆದರೆ ಈ ರಿಮೋಟಿನ ವಿನ್ಯಾಸ ಯಾರದ್ದೋ ಗೊತ್ತಿಲ್ಲ, ಅವರ ಮನೆಯಲ್ಲಿ ವಯಸ್ಸಾದವರು ಇಲ್ಲ ಅಂತ ಮಾತ್ರ ಖಾತ್ರಿ. ಎಲ್ಲ ಬಟನ್ ಒಂದೇ ಅಳತೆ, ಒಂದೇ ಆಕಾರ. ಬೆರಳಿಗೆ ಯಾವುದು ಯಾವುದು ಅಂತ ತಿಳಿಯೋದೇ ಇಲ್ಲ. ಪವರ್ ಬಟನ್ನಿಗೆ ತಾಗಿ ಸೋರ್ಸ್ ಬಟನ್. ಆಫ್ ಮಾಡಲು ಹೋದ ಅಮ್ಮ ದಿನಾ ಅದನ್ನೇ ಒತ್ತಿ, ನೀಲಿ ಪರದೆ ಎದುರು ಕೂತು ನನಗೆ ಫೋನ್ ಮಾಡುತ್ತಿದ್ದಳು. ಕತ್ತಲಲ್ಲಿ ಗುರುತು ಸಿಗಲಿ ಅಂತ ಇದ್ದದ್ದು ಒಂದೇ, ಐದನೇ ಅಂಕಿಯ ಮೇಲಿನ ಸಣ್ಣ ಉಬ್ಬು. ಒಗ್ಗರಣೆಯ ಸಾಸಿವೆ ಅಂಟಿದೆ ಅಂತ ಅಮ್ಮ ಅದನ್ನು ಉಗುರಲ್ಲಿ ಕೆರೆದು ಕೆರೆದು ಕಿತ್ತೇಬಿಟ್ಟಳು.

1956ರಲ್ಲಿ ಅಮೆರಿಕದ ಜೆನಿತ್ ಕಂಪನಿಗೆ ರಾಬರ್ಟ್ ಆಡ್ಲರ್ ಅನ್ನೋರು ಮಾಡಿಕೊಟ್ಟ ರಿಮೋಟಿಗೆ ಸೆಲ್ಲೇ ಬೇಕಿರಲಿಲ್ಲವಂತೆ. ಬಟನ್ ಒತ್ತಿದರೆ ಒಳಗೆ ಪುಟ್ಟ ಸುತ್ತಿಗೆ ಅಲ್ಯುಮಿನಿಯಂ ಕಡ್ಡಿಗೆ ಬಡಿಯುತ್ತಿತ್ತು. ನಮ್ಮ ಕಿವಿಗೆ ಕೇಳದ ಆ ಸದ್ದು ಟಿವಿಗೆ ಕೇಳುತ್ತಿತ್ತು. ಕಡ್ಡಿ ಇದ್ದದ್ದು ನಾಲ್ಕು. ಇದನ್ನು ಓದಿ ಹೇಳಿದಾಗ ಅಮ್ಮ "ಅವರಿಗೆ ಬುದ್ಧಿ ಇತ್ತು ನೋಡು, ನಾಲ್ಕೇ ಸಾಕು" ಅಂದಳು. ಅಪ್ಪಯ್ಯನಿಗೆ ಹಿಡಿಸಿದ್ದು ಸುತ್ತಿಗೆ.

ಅಮ್ಮ ತನ್ನದೇ ಪರಿಹಾರ ಕಂಡುಕೊಂಡಳು. ಪವರ್ ಬಟನ್ನಿಗೆ ದೊಡ್ಡ ಕೆಂಪು ಟಿಕ್ಲಿ, ಚಾನೆಲ್ಲಿಗೆ ಸಣ್ಣ ಹಸಿರು ಟಿಕ್ಲಿ, ವಾಲ್ಯೂಮಿಗೆ ಕುಂಕುಮ ಬಣ್ಣದ್ದು. ಒಂದು ವಾರ ಎಲ್ಲ ಸರಿಯಾಗಿಯೇ ನಡೆಯಿತು. ನನಗೆ ಫೋನೂ ಬರಲಿಲ್ಲ.

ಸೋಮವಾರ ಅಪ್ಪಯ್ಯ ಬೆಳಗಿನ ವಾರ್ತೆ ಮುಗಿಸಿ ಸೊಸೈಟಿಗೆ ಹೊರಟರು. ಅಲ್ಲಿ ಎಲ್ಲರ ಎದುರು ಕಿಸೆಯಿಂದ ಪೆನ್ ತೆಗೆದು, ರಿಜಿಸ್ಟರಿನಲ್ಲಿ ಉದ್ದನೆಯ ಸಹಿ ಹಾಕೋದು ಅವರಿಗೆ ಬಹಳ ಪ್ರೀತಿಯ ಕೆಲಸ. ಪುಸ್ತಕ ಮುಂದಕ್ಕೆ ತಳ್ಳಿದ ಗುಮಾಸ್ತ ಅಪ್ಪಯ್ಯನ ಹೆಬ್ಬೆರಳನ್ನೇ ನೋಡುತ್ತಾ ನಿಂತನಂತೆ. ಅದರ ತುದಿಯಲ್ಲಿ ಕುಂಕುಮ ಬಣ್ಣ ಗುಂಡಗೆ ಮೆತ್ತಿಕೊಂಡಿತ್ತು.

"ಹೆಗ್ಡೇರೆ, ನಿಮಗೆ ಸಹಿ ಬರುತ್ತಲ್ವಾ? ಹೆಬ್ಬೆಟ್ಟು ಎಲ್ಲಿ ಒತ್ತಿ ಬಂದ್ರಿ?"